ಗಾಲ್ಫ್ ಚೆಂಡು ಹತ್ತು ಗಜ ಕಡಿಮೆ ಹಾರಿದರೆ ಯಾರ ಗಂಟು ಹೋಗುತ್ತೆ?

1984ರ ಜುಲೈನಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ ಜಾವೆಲಿನ್ ಅನ್ನು 104.80 ಮೀಟರ್ ದೂರ ಎಸೆದರು. ಜಾವೆಲಿನ್ ಎಸೆತದಲ್ಲಿ ನೂರು ಮೀಟರ್ ದಾಟಿದ ಮೊದಲ ಮನುಷ್ಯ. ಅಥ್ಲೆಟಿಕ್ಸ್ ನಡೆಸುವವರಿಗೆ ಖುಷಿಗಿಂತ ಭಯವೇ ಜಾಸ್ತಿ ಆಯಿತು. ಇನ್ನು ಸ್ವಲ್ಪ ದೂರ ಹೋದರೆ ಕ್ರೀಡಾಂಗಣದೊಳಗೆ ಜಾಗವೇ ಸಾಲುವುದಿಲ್ಲ. ಜೊತೆಗೆ ಜಾವೆಲಿನ್ ಮೂತಿ ಊರದೆ ಅಡ್ಡಡ್ಡ ಬೀಳುವ ತಕರಾರು ಬೇರೆ ಇತ್ತು. ಅವರು ಕ್ರೀಡಾಂಗಣಗಳನ್ನು ಒಡೆದು ದೊಡ್ಡದು ಮಾಡಲಿಲ್ಲ. 1986ರಲ್ಲಿ ಜಾವೆಲಿನ್‌ನ ಗುರುತ್ವ ಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ಸರಿಸಿದರು. ಅಷ್ಟೇ. ಅದೇ ವರ್ಷ ಹೊಸ ಜಾವೆಲಿನ್‌ನ ವಿಶ್ವದಾಖಲೆ 85.74 ಮೀಟರ್‌ಗೆ ಇಳಿಯಿತು.

ಆಟ ಸತ್ತುಹೋಯಿತಾ? ಇಲ್ಲ. 2025ರ ಜುಲೈನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ನೀರಜ್ ಚೋಪ್ರಾ 86.18 ಮೀಟರ್ ಎಸೆದು ಗೆದ್ದಾಗ ಗ್ಯಾಲರಿಯಲ್ಲಿ ಕೂತಿದ್ದ ಯಾರೂ 'ಅಯ್ಯೋ, ಹಳೇ ಜಾವೆಲಿನ್ ಆಗಿದ್ದರೆ ಇನ್ನೂ ದೂರ ಹೋಗುತ್ತಿತ್ತು' ಅಂತ ಅಳಲಿಲ್ಲ. ಅಂದಹಾಗೆ, ಈ ಉವೆ ಹೋನ್ ಅವರೇ ಕೆಲ ಕಾಲ ನೀರಜ್‌ಗೆ ಕೋಚ್ ಆಗಿದ್ದವರು.

ಗಾಲ್ಫ್ ಇದೇ ಸಮಸ್ಯೆಗೆ ಉಲ್ಟಾ ದಾರಿ ಹಿಡಿಯಿತು. ಚೆಂಡು ದೂರ ಹೋಗುತ್ತಿದೆಯಾ? ಮೈದಾನ ಹಿಗ್ಗಿಸಿ. ಇನ್ನೂ ದೂರ ಹೋಗುತ್ತಿದೆಯಾ? ಪಕ್ಕದ ಜಮೀನು ಕೊಳ್ಳಿ. ಈ ಹುಚ್ಚು ಓಟಕ್ಕೆ ಕಡಿವಾಣ ಹಾಕುವ ನಿಯಮ 2023ರ ಡಿಸೆಂಬರ್‌ನಲ್ಲಿ ಕೊನೆಗೂ ಘೋಷಣೆಯಾಯಿತು. ಆಟದ ನಿಯಮ ಬರೆಯುವ ಎರಡು ಸಂಸ್ಥೆಗಳಾದ ಅಮೆರಿಕದ ಯುಎಸ್‌ಜಿಎ ಮತ್ತು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿರುವ ಆರ್ ಅಂಡ್ ಎ, ಚೆಂಡಿನ ಪರೀಕ್ಷೆಯನ್ನು ಬಿಗಿ ಮಾಡುವುದಾಗಿ ಹೇಳಿದವು. ಉನ್ನತ ಮಟ್ಟದ ಸ್ಪರ್ಧೆಗಳಿಗೆ 2028ರಿಂದ, ಉಳಿದೆಲ್ಲರಿಗೂ 2030ರಿಂದ ಎಂಬುದು ಆಗ ಕೊಟ್ಟ ಗಡುವು. ಅಲ್ಲಿಂದ ಶುರುವಾದ ಜಗಳ ನಿಂತಿಲ್ಲ.

'ಶ್ರೀಮಂತರ ಆಟ, ನಮಗ್ಯಾಕೆ ಬಿಡಿ' ಅನ್ನಬಹುದು. ನ್ಯಾಯವಾದ ಮಾತೇ. ಆದರೆ ಈ ಜಗಳದ ಒಳಗೆ ನಮಗೆ ಚೆನ್ನಾಗಿ ಗೊತ್ತಿರುವ ಕಥೆಯೊಂದಿದೆ: ಲಾಭ ಒಬ್ಬರದು, ಖರ್ಚು ಇನ್ನೊಬ್ಬರದು, ನಿಯಂತ್ರಕರು ಎರಡು ದಶಕ ತಡ.

ಅಂಕಿಗಳು ಏನು ಹೇಳುತ್ತವೆ

ಗಾಲ್ಫ್‌ನಲ್ಲಿ ಪ್ರತಿ ಗುಳಿಯ ಮೊದಲ ಹೊಡೆತ 'ಟೀ'ಯಿಂದ. ಅದಕ್ಕೆ ಬಳಸುವ ಅತಿ ಉದ್ದದ ಕೋಲೇ ಡ್ರೈವರ್. ಅಮೆರಿಕದ ಪಿಜಿಎ ಟೂರ್‌ನಲ್ಲಿ 1980ರಲ್ಲಿ ಆಟಗಾರರ ಸರಾಸರಿ ಡ್ರೈವ್ ಸುಮಾರು 257 ಗಜ. 1995ರಲ್ಲಿ ಸುಮಾರು 263. ಅಂದರೆ ಹದಿನೈದು ವರ್ಷದಲ್ಲಿ ಆರೇ ಗಜ. ಆಮೇಲೆ ನೋಡಿ: 2003ಕ್ಕೆ ಸುಮಾರು 286. ಎಂಟು ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಗಜ! 2023ಕ್ಕೆ ಸರಾಸರಿ ಹತ್ತಿರಹತ್ತಿರ 300. ಆ ವರ್ಷ ಎಲ್ಲರಿಗಿಂತ ದೂರ ಹೊಡೆದ ರೋರಿ ಮೆಕ್‌ಇಲ್ರಾಯ್ ಅವರ ಸರಾಸರಿ 326 ಗಜ.

1995 ಮತ್ತು 2003ರ ನಡುವೆ ಮನುಷ್ಯರ ತೋಳು ದಿಢೀರನೆ ದಪ್ಪ ಆಗಲಿಲ್ಲ. ಬದಲಾಗಿದ್ದು ಸಾಮಗ್ರಿ. ಮರದ ತಲೆಯ ಡ್ರೈವರ್ ಹೋಗಿ ಲೋಹದ್ದು ಬಂತು, ಅದರ ಬೆನ್ನಿಗೇ ಟೈಟಾನಿಯಂನದು. ತೆಳು ಲೋಹದ ಮುಖ ಚೆಂಡು ಬಡಿದಾಗ ಒಳಗೆ ಬಾಗಿ ಮತ್ತೆ ಚಿಮ್ಮುತ್ತದೆ. ಮಕ್ಕಳು ಕುಣಿಯುವ ಟ್ರ್ಯಾಂಪೊಲಿನ್ ಥರ. ತಲೆ ದೊಡ್ಡದಾದಷ್ಟು ತಪ್ಪಾಗಿ ತಗುಲಿದ ಹೊಡೆತವೂ ಸುಮಾರು ನೆಟ್ಟಗೆ ಹೋಗುತ್ತದೆ. ಹಾಗಾಗಿ ಹೆದರದೆ ಜೋರಾಗಿ ಬೀಸಬಹುದು. ಡ್ರೈವರ್ ತಲೆಗೆ 460 ಸಿಸಿ ಮಿತಿ ಹಾಕುವ ಹೊತ್ತಿಗೆ ಅದು ಹಳೇ ಮರದ ತಲೆಗಿಂತ ಎಷ್ಟೋ ಪಟ್ಟು ದೊಡ್ಡದಾಗಿತ್ತು.

ಅದಕ್ಕಿಂತ ದೊಡ್ಡ ಬದಲಾವಣೆ ಚೆಂಡಿನದು. ಮೊದಲು ಗಾಲ್ಫರ್ ಮುಂದೆ ಒಂದು ಆಯ್ಕೆ ಇರುತ್ತಿತ್ತು. ರಬ್ಬರ್ ದಾರ ಸುತ್ತಿದ, ಬಲಾಟಾ ಹೊದಿಕೆಯ ಮೃದು ಚೆಂಡು ತಗೊಂಡರೆ ಗ್ರೀನ್ ಹತ್ತಿರ ಚೆನ್ನಾಗಿ ತಿರುಗಿ ನಿಲ್ಲುತ್ತದೆ, ಆದರೆ ದೂರ ಹೋಗುವುದಿಲ್ಲ. ಗಟ್ಟಿ ಚೆಂಡು ದೂರ ಹೋಗುತ್ತದೆ, ಆದರೆ ಹೇಳಿದ ಕಡೆ ನಿಲ್ಲುವುದಿಲ್ಲ. ಎಂಜಿನಿಯರಿಂಗ್ ಓದಿದವರಿಗೆ ಇದು ಪರಿಚಿತ ಲೆಕ್ಕ: ಒಂದು ಬೇಕಾದರೆ ಇನ್ನೊಂದು ಬಿಡಬೇಕು. 2000ದ ಅಕ್ಟೋಬರ್‌ನಲ್ಲಿ ವೃತ್ತಿಪರರ ಕೈಗೆ ಬಂದ ಟೈಟ್ಲಿಸ್ಟ್ ಪ್ರೊ ವಿ1 ಮತ್ತು ಅದರಂಥ ಪದರಪದರದ ಚೆಂಡುಗಳು ಈ ಲೆಕ್ಕವನ್ನೇ ಅಳಿಸಿಹಾಕಿದವು. ಡ್ರೈವರ್‌ನಿಂದ ಹೊಡೆದಾಗ ಕಡಿಮೆ ಸುತ್ತು, ಹೆಚ್ಚು ದೂರ. ವೆಡ್ಜ್‌ನಿಂದ ಹೊಡೆದಾಗ ಹೆಚ್ಚು ಸುತ್ತು, ಬಿದ್ದಲ್ಲೇ ಬ್ರೇಕ್. ಎರಡೂ ಒಂದೇ ಚೆಂಡಿನಲ್ಲಿ! ಇದಕ್ಕೆ ಜಿಮ್, ಒಳ್ಳೆ ಊಟ, ಚೆಂಡಿನ ವೇಗ-ಕೋನ-ಸುತ್ತು ಅಳೆಯುವ ರೇಡಾರ್ ಯಂತ್ರಗಳೂ ಸೇರಿಕೊಂಡವು.

ಹಿಗ್ಗುವ ಮೈದಾನ, ಕುಗ್ಗುವ ಆಟ

ಅಮೆರಿಕದ ಆಗಸ್ಟಾ ನ್ಯಾಷನಲ್ ಉದಾಹರಣೆ ತಗೊಳ್ಳಿ. ಪ್ರತಿ ಏಪ್ರಿಲ್‌ನಲ್ಲಿ ಮಾಸ್ಟರ್ಸ್ ನಡೆಯುವ ಜಾಗ. 1997ರಲ್ಲಿ ಟೈಗರ್ ವುಡ್ಸ್ 12 ಹೊಡೆತಗಳ ಅಂತರದಿಂದ ಗೆದ್ದಾಗ ಅದರ ಉದ್ದ 6,925 ಗಜ. 2002ರಲ್ಲಿ 7,270. 2006ರಲ್ಲಿ 7,445. 2024ರಲ್ಲಿ 7,555. ಒಂದೇ ಕೋರ್ಸ್‌ಗೆ 630 ಗಜ, ಅಂದರೆ ಅರ್ಧ ಕಿಲೋಮೀಟರ್‌ಗಿಂತ ಹೆಚ್ಚು ಸೇರ್ಪಡೆ.

ಅದರ 13ನೇ ಗುಳಿ ಜಗತ್ಪ್ರಸಿದ್ಧ. ಕೋರ್ಸ್ ವಿನ್ಯಾಸ ಮಾಡಿದ ಬಾಬಿ ಜೋನ್ಸ್ ಮತ್ತು ಅಲಿಸ್ಟರ್ ಮೆಕೆಂಜಿ ಅಲ್ಲಿ ಆಟಗಾರನ ಮುಂದೆ ಒಂದು ಪ್ರಶ್ನೆ ಇಟ್ಟಿದ್ದರು: ಎರಡನೇ ಹೊಡೆತದಲ್ಲೇ ತೊರೆ ದಾಟಿಸಿ ಗ್ರೀನ್ ಮುಟ್ಟುವ ಧೈರ್ಯ ಮಾಡ್ತೀಯಾ, ಅಥವಾ ಈಚೆ ನಿಲ್ಲಿಸಿ ಮೂರರಲ್ಲಿ ಹೋಗ್ತೀಯಾ? ಡ್ರೈವ್‌ಗಳು ಉದ್ದವಾದಂತೆ ಆ ಪ್ರಶ್ನೆಯೇ ಮಾಯವಾಯಿತು. ಎರಡನೇ ಹೊಡೆತಕ್ಕೆ ಸಣ್ಣ ಕೋಲು ಹಿಡಿದು ಆರಾಮಾಗಿ ದಾಟಿಸುವವರೇ ಹೆಚ್ಚಾದರು. ಕ್ಲಬ್ ಏನು ಮಾಡಿತು? 2017ರಲ್ಲಿ ಪಕ್ಕದ ಆಗಸ್ಟಾ ಕಂಟ್ರಿ ಕ್ಲಬ್‌ನಿಂದ ಜಾಗ ಕೊಂಡಿತು. 2023ರಲ್ಲಿ ಟೀಯನ್ನು 35 ಗಜ ಹಿಂದಕ್ಕೆ ತಳ್ಳಿ ಗುಳಿಯ ಉದ್ದವನ್ನು 545 ಗಜ ಮಾಡಿತು. ಹಳೇ ಪ್ರಶ್ನೆಯನ್ನು ಮತ್ತೆ ಕೇಳುವುದಕ್ಕೆ ಪಕ್ಕದ ಮನೆಯ ಹಿತ್ತಲನ್ನೇ ಕೊಳ್ಳಬೇಕಾಯಿತು!

ಆಗಸ್ಟಾ ಬಳಿ ದುಡ್ಡಿದೆ, ಕೊಳ್ಳುತ್ತದೆ. ಆದರೆ ಅದೇ ಕ್ಲಬ್‌ನ ಅಧ್ಯಕ್ಷ ಫ್ರೆಡ್ ರಿಡ್ಲಿ, ಮಾಸ್ಟರ್ಸ್ 8,000 ಗಜದ ಕೋರ್ಸಿನಲ್ಲಿ ನಡೆಯುವ ದಿನ ಬರಬಾರದು ಎಂದು ಹೇಳಿ ಹೊಸ ನಿಯಮಕ್ಕೆ ಬೆಂಬಲ ಕೊಟ್ಟಿದ್ದಾರೆ. ಕೊಳ್ಳುವ ತಾಕತ್ತಿರುವವರೇ ಸಾಕು ಅಂತಿದ್ದಾರೆ.

ಇನ್ನು ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್. ಗಾಲ್ಫ್‌ನ ತವರುಮನೆ. ಒಂದು ಕಡೆ ಸಮುದ್ರ ತೀರ, ಇನ್ನೊಂದು ಕಡೆ ಊರು, ಸುತ್ತ ಬೇರೆ ಕೋರ್ಸ್‌ಗಳು. 1995ರಲ್ಲಿ 6,933 ಗಜ ಇದ್ದದ್ದು 2022ರ ಓಪನ್ ಹೊತ್ತಿಗೆ 7,313 ಆಯಿತು. ಜಾಗ ಎಲ್ಲಿಂದ ಬಂತು? ಕೆಲವು ಟೀಗಳು ಮೂಲ ಕೋರ್ಸಿನ ಗಡಿಯ ಆಚೆಗೇ ಹೋಗಿ ಕೂತವು. ಇಷ್ಟೆಲ್ಲ ಮಾಡಿದರೂ 2022ರಲ್ಲಿ ಕ್ಯಾಮರನ್ ಸ್ಮಿತ್ ಪಾರ್‌ಗಿಂತ 20 ಹೊಡೆತ ಕಡಿಮೆಯಲ್ಲಿ ಗೆದ್ದರು.

ಉದ್ದ ಹೆಚ್ಚಿಸಿದರೆ ಆಟ ಕಷ್ಟವಾಗುತ್ತದೆ ಅನ್ನುವ ನಂಬಿಕೆಗೂ ಆಧಾರ ಗಟ್ಟಿ ಇಲ್ಲ. 2013ರ ಯುಎಸ್ ಓಪನ್ ನಡೆದ ಮೆರಿಯನ್ 7,000 ಗಜಕ್ಕೂ ಕಡಿಮೆ. ಗೆದ್ದ ಜಸ್ಟಿನ್ ರೋಸ್ ಸ್ಕೋರ್ ಪಾರ್‌ಗಿಂತ ಒಂದು ಹೆಚ್ಚು. 2017ರಲ್ಲಿ ಅದೇ ಟೂರ್ನಿ 7,741 ಗಜದ ಎರಿನ್ ಹಿಲ್ಸ್‌ನಲ್ಲಿ ನಡೆಯಿತು. ಬ್ರೂಕ್ಸ್ ಕೆಪ್ಕಾ ಪಾರ್‌ಗಿಂತ 16 ಕಡಿಮೆಯಲ್ಲಿ ಗೆದ್ದರು. ಇಕ್ಕಟ್ಟು, ಗಾಳಿ, ಹುಲ್ಲು, ಗ್ರೀನ್‌ನ ಇಳಿಜಾರು ಇವೆಲ್ಲ ಸೇರಿ ಆಟವನ್ನು ಕಷ್ಟ ಮಾಡುತ್ತವೆ. ಬರೀ ಉದ್ದ ಮಾಡಿದರೆ ದೂರ ಹೊಡೆಯುವವನಿಗೇ ಇನ್ನಷ್ಟು ಅನುಕೂಲ.

ನಮ್ಮ ದೇಶದಲ್ಲೇ ಇದಕ್ಕೆ ಸಾಕ್ಷಿ ಸಿಕ್ಕಿತು. 2025ರ ಅಕ್ಟೋಬರ್‌ನಲ್ಲಿ ಮೆಕ್‌ಇಲ್ರಾಯ್ ದೆಹಲಿ ಗಾಲ್ಫ್ ಕ್ಲಬ್‌ಗೆ ಆಡಲು ಬಂದರು. ಎರಡೂ ಬದಿ ಪೊದೆ, ಮಧ್ಯೆ ಕಿರಿದಾದ ದಾರಿ. ಜಗತ್ತಿನಲ್ಲೇ ಅತಿ ದೂರ ಹೊಡೆಯುವವರಲ್ಲಿ ಒಬ್ಬರು, ಈ ವಾರ ಡ್ರೈವರ್ ಮುಟ್ಟೋದೇ ಇಲ್ಲ ಎಂದರು. ಗೆದ್ದದ್ದು ನಿಖರತೆಗೆ ಹೆಸರಾದ ಟಾಮಿ ಫ್ಲೀಟ್‌ವುಡ್, ಪಾರ್‌ಗಿಂತ 22 ಕಡಿಮೆಯಲ್ಲಿ. ಸ್ಕೋರ್ ತುಂಬಾ ಇಳಿಯಿತಲ್ಲ ಅಂತ ಕೇಳಬಹುದು. ಇಳಿಯಲಿ ಬಿಡಿ. ಯಾವ ಬಗೆಯ ಆಟಕ್ಕೆ ಬೆಲೆ ಸಿಕ್ಕಿತು ಅನ್ನುವುದು ಸ್ಕೋರಿಗಿಂತ ಮುಖ್ಯ.

ಪರೀಕ್ಷೆ ಒಂದು, ರಸ್ತೆ ಇನ್ನೊಂದು

ಹಾಗಾದರೆ ಚೆಂಡಿಗೆ ಮಿತಿಯೇ ಇರಲಿಲ್ವಾ? ಇತ್ತು. ಯಂತ್ರವೊಂದು ಗಂಟೆಗೆ 120 ಮೈಲಿ (193 ಕಿ.ಮೀ.) ವೇಗದಲ್ಲಿ ಕೋಲು ಬೀಸುತ್ತದೆ. ಚೆಂಡು 317 ಗಜ, ವಿನಾಯಿತಿ ಸೇರಿ 320 ದಾಟಬಾರದು. ಈ ಪರೀಕ್ಷಾ ವೇಗ ನಿಗದಿಯಾದದ್ದು 2004ರಲ್ಲಿ. ಅಷ್ಟರಲ್ಲಿ ಆಟಗಾರರು 120 ದಾಟಿ ಮುಂದೆ ಹೋದರು. ಪರೀಕ್ಷೆ ಅಲ್ಲೇ ನಿಂತಿತು.

ಬೈಕ್ ಓಡಿಸುವ ಎಲ್ಲರಿಗೂ ಇದು ಗೊತ್ತು. ಕಂಪನಿ ಜಾಹೀರಾತಿನ ಮೈಲೇಜ್ ಒಂದು, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಿಗುವ ಮೈಲೇಜ್ ಇನ್ನೊಂದು. ಪ್ರಯೋಗಾಲಯದ ಸ್ಥಿತಿ ನಿಜ ರಸ್ತೆಯಿಂದ ದೂರವಾದಷ್ಟೂ 'ಪಾಸ್' ಎಂಬ ಮುದ್ರೆಗೆ ಅರ್ಥ ಕಡಿಮೆ. ಹೊಸ ನಿಯಮ ಮಾಡಿದ್ದೂ ಇಷ್ಟೇ. ಮಿತಿ ಅದೇ 317 ಗಜ. ಆದರೆ ಪರೀಕ್ಷೆ ಗಂಟೆಗೆ 125 ಮೈಲಿ (201 ಕಿ.ಮೀ.) ವೇಗದಲ್ಲಿ, ಈಗಿನ ಆಟಗಾರರು ಹೊಡೆಯುವ ಕೋನ ಮತ್ತು ಸುತ್ತಿನಲ್ಲಿ. ಹೆಚ್ಚು ವೇಗದಲ್ಲೂ ಅದೇ ಗೆರೆಯೊಳಗೆ ಇರಬೇಕಾದರೆ ಚೆಂಡು ಸ್ವಲ್ಪ ಮಂದವಾಗಲೇಬೇಕು.

ಎಷ್ಟು ಮಂದ? ನಿಯಂತ್ರಕರ ಅಂದಾಜಿನಂತೆ ಅತಿ ದೂರ ಹೊಡೆಯುವವರಿಗೆ 13ರಿಂದ 15 ಗಜ ನಷ್ಟ. ವೃತ್ತಿಪರ ಪುರುಷರ ಸರಾಸರಿಗೆ 9ರಿಂದ 11. ವೃತ್ತಿಪರ ಮಹಿಳೆಯರಿಗೆ 5ರಿಂದ 7. ಭಾನುವಾರ ಮಾತ್ರ ಆಡುವ ಹವ್ಯಾಸಿಗೆ 5 ಅಥವಾ ಅದಕ್ಕೂ ಕಡಿಮೆ. ಐದು ಗಜ ಅಂದರೆ ಎಷ್ಟು? ಒಂದು ಕಾರಿನ ಉದ್ದಕ್ಕಿಂತ ಚೂರು ಹೆಚ್ಚು.

ವಿರೋಧ ಯಾರದು?

2023ರ ಮಾರ್ಚ್‌ನಲ್ಲಿ ನಿಯಂತ್ರಕರು ಮೊದಲು ಇಟ್ಟ ಪ್ರಸ್ತಾವ ಬೇರೆಯೇ ಇತ್ತು: ಮಂದ ಚೆಂಡು ಉನ್ನತ ಸ್ಪರ್ಧೆಗಳಿಗೆ ಮಾತ್ರ, ಹವ್ಯಾಸಿಗಳು ಹಳೆಯದನ್ನೇ ಬಳಸಲಿ. ಅದಕ್ಕೆ ಪಿಜಿಎ ಟೂರ್ ಒಲ್ಲೆ ಎಂದಿತು. ಟೈಟ್ಲಿಸ್ಟ್ ತಯಾರಿಸುವ ಅಕುಶ್ನೆಟ್ ಕಂಪನಿಯೂ ಒಲ್ಲೆ ಎಂದಿತು. ಎಲ್ಲರಿಗೂ ಒಂದೇ ನಿಯಮ ಇರಲಿ ಎಂಬುದು ವಾದ. ಸರಿ, ಎಲ್ಲರಿಗೂ ಒಂದೇ ಅಂತ ಡಿಸೆಂಬರ್‌ನಲ್ಲಿ ನಿಯಮ ಬಂದಾಗ ಕೂಗು ಬದಲಾಯಿತು: ಪಾಪ, ಹವ್ಯಾಸಿಗಳ ಖುಷಿ ಯಾಕೆ ಕಿತ್ತುಕೊಳ್ತೀರಿ?

ಮಾರುಕಟ್ಟೆಯ ತರ್ಕ ಹಿಡಿದರೆ ಇದು ಅರ್ಥವಾಗುತ್ತದೆ. ವೃತ್ತಿಪರರು ಟಿವಿಯಲ್ಲಿ ಹೊಡೆಯುವ ಚೆಂಡೇ ಅಂಗಡಿಯಲ್ಲೂ ಸಿಗಬೇಕು. 'ಅವರದ್ದೇ ನಿಮ್ಮದೂ' ಎಂಬ ಭ್ರಮೆಯೇ ಬಂಡವಾಳ. 'ಇನ್ನೂ ಹತ್ತು ಗಜ ದೂರ' ಎಂಬುದು ಆ ಅಂಗಡಿಯ ಹಳೇ ಮಂತ್ರ. ಆದರೆ ನಿಯಂತ್ರಕರು ಅಳೆದ ಲೆಕ್ಕದಲ್ಲಿ ಹವ್ಯಾಸಿ ಪುರುಷರ ಸರಾಸರಿ ಡ್ರೈವ್ 1996ರಲ್ಲಿ ಸುಮಾರು 200 ಗಜ ಇದ್ದದ್ದು 2019ರಲ್ಲಿ ಸುಮಾರು 216. ಇಪ್ಪತ್ಮೂರು ವರ್ಷದ ಜಾಹೀರಾತು, ಹದಿನಾರು ಗಜದ ಫಲ!

ಎದುರು ವಾದದಲ್ಲಿ ಹುರುಳೇ ಇಲ್ಲ ಅಂತ ನಾನು ಹೇಳುವುದಿಲ್ಲ. ದೂರದ ಹೊಡೆತ ನೋಡಲು ಚಂದ. ನಾವು ಚಿನ್ನಸ್ವಾಮಿಯಲ್ಲಿ ಸಿಕ್ಸರ್‌ಗೆ ಕೂಗುವವರೇ ಅಲ್ವಾ? ಆಟಗಾರರು ಮೈ ದಂಡಿಸಿ ಗಳಿಸಿದ ಶಕ್ತಿಯನ್ನು ಶಿಕ್ಷಿಸಬಾರದು ಎಂಬುದೂ ಸರಿ. ಆದರೆ ಮಂದ ಚೆಂಡಿನಲ್ಲೂ ಬಲಶಾಲಿಯೇ ಮುಂದೆ ಇರುತ್ತಾನೆ. ಎಲ್ಲರಿಗಿಂತ ಹೆಚ್ಚು ಗಜ ಕಳೆದುಕೊಳ್ಳುವವರಲ್ಲಿ ಒಬ್ಬರಾದ ಮೆಕ್‌ಇಲ್ರಾಯ್ ಅವರೇ ನಿಯಮದ ಪರ ಬಹಿರಂಗವಾಗಿ ನಿಂತಿದ್ದಾರೆ. ಕ್ರಿಕೆಟ್ ಕೂಡ 2017ರಲ್ಲಿ ಬ್ಯಾಟಿನ ಅಂಚು 40 ಮಿಲಿಮೀಟರ್, ದಪ್ಪ 67 ಮಿಲಿಮೀಟರ್ ದಾಟಬಾರದು ಎಂದು ಗೆರೆ ಎಳೆಯಿತು. ಸಿಕ್ಸರ್ ನಿಂತಿಲ್ಲ.

ಗಾಲ್ಫ್‌ಗೂ ಇದು ಹೊಸದಲ್ಲ. ಅಮೆರಿಕದಲ್ಲಿ 1.68 ಇಂಚಿನ ದೊಡ್ಡ ಚೆಂಡು ಇದ್ದಾಗ ಬ್ರಿಟನ್ನಿನಲ್ಲಿ 1.62 ಇಂಚಿನ ಚಿಕ್ಕ ಚೆಂಡು ನಡೆಯುತ್ತಿತ್ತು. ಚಿಕ್ಕದು ಗಾಳಿ ಸೀಳಿಕೊಂಡು ಹೆಚ್ಚು ದೂರ ಹೋಗುತ್ತಿತ್ತು. 1974ರಲ್ಲಿ ಓಪನ್ ಟೂರ್ನಿಗೆ ದೊಡ್ಡ ಚೆಂಡು ಕಡ್ಡಾಯವಾಯಿತು. 1990ರಲ್ಲಿ ಚಿಕ್ಕದು ಪೂರ್ತಿ ನಿಂತಿತು. ಇವತ್ತು ಅದು ಯಾರಿಗೂ ನೆನಪಿಲ್ಲ.

ಬೆಲೆ ತೆರುವವರು

ಒಂದು ಸಣ್ಣ ಲೆಕ್ಕ ಮಾಡೋಣ. ಹೊಡೆತ 5 ಡಿಗ್ರಿ ಅಡ್ಡ ಹೋಯಿತು ಅಂದುಕೊಳ್ಳಿ. 250 ಗಜದ ಡ್ರೈವ್ ಗುರಿಯಿಂದ ಸುಮಾರು 22 ಗಜ ಪಕ್ಕಕ್ಕೆ ಬೀಳುತ್ತದೆ. 300 ಗಜದ್ದು 26 ಗಜ ಪಕ್ಕಕ್ಕೆ. ಅಂದರೆ ಉದ್ದ ಬೆಳೆದಂತೆ ಅಗಲವೂ ಬೆಳೆಯಬೇಕು. ಉದ್ದ 20 ಶೇಕಡಾ ಹೆಚ್ಚಿದರೆ ಚೆಂಡು ಬೀಳಬಹುದಾದ ಜಾಗ 44 ಶೇಕಡಾ ಹೆಚ್ಚು. ಹದಿನೆಂಟು ಗುಳಿಯ ಕೋರ್ಸ್ ಒಂದಕ್ಕೆ ಈಗಲೇ ಸುಮಾರು 150 ಎಕರೆ ಬೇಕು. ಇದರ ಮೇಲೆ ಸೇರುವ ಪ್ರತಿ ಎಕರೆಗೂ ನೀರು, ಗೊಬ್ಬರ, ಡೀಸೆಲ್, ಕೂಲಿ. ಹುಲ್ಲು ಸುಮ್ಮನೆ ಹಸಿರಾಗಿ ಇರುವುದಿಲ್ಲ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಲ್ಲಿ ಗಿಡಕ್ಕೆ ನೀರು ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿದ್ದು ನೆನಪಿರಬೇಕು. ಆ ಊರಿನಲ್ಲಿ ಕೂತು ಓದುವವರಿಗೆ ಹೊಸ ಕೋರ್ಸ್ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆ ಬರೀ ಆಟದ ಪ್ರಶ್ನೆಯಲ್ಲ. ನಗರದ ನಡುವಿನ ಜಾಗ ಯಾರದ್ದು ಎಂಬ ದೊಡ್ಡ ಚರ್ಚೆ ಬೇರೆ ಇದೆ, ಅದು ನಡೆಯಲೇಬೇಕು. ಆದರೆ ಕೋರ್ಸ್ ಇರಲಿ ಅನ್ನುವವರಿಗೂ, ಬೇಡ ಅನ್ನುವವರಿಗೂ ಒಂದು ಮಾತಿನಲ್ಲಿ ಒಮ್ಮತ ಇರಬಹುದು: ಚೆಂಡು ಮಾರುವವರ ಲಾಭಕ್ಕೆ ಅದು ಇನ್ನೂ ಹಿಗ್ಗಬೇಕಿಲ್ಲ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್‌ನಂಥ ನಗರದೊಳಗಿನ ಹಳೆಯ ಕೋರ್ಸ್ ಹಿಗ್ಗಲು ಸಾಧ್ಯವೂ ಇಲ್ಲ. ಸುತ್ತ ರಸ್ತೆ, ಕಟ್ಟಡ.

ಇನ್ನೊಂದು ನಷ್ಟ ಎಕರೆಯಲ್ಲಿ ಅಳೆಯಲಾಗದ್ದು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಒಂದೇ ಒಂದು ಹೊಡೆತದಿಂದ ಕಂಚು ತಪ್ಪಿಸಿಕೊಂಡು ನಾಲ್ಕನೆಯವರಾದರು. ಗಾಲ್ಫ್ ಏನೂ ಗೊತ್ತಿಲ್ಲದವರೂ ಬೆಳಗ್ಗೆ ಬೇಗ ಎದ್ದು ನೋಡಿದ ದಿನ ಅದು. ಅದಿತಿ ದೂರ ಹೊಡೆಯುವವರಲ್ಲ. ಜೊತೆ ಆಡಿದವರ ಚೆಂಡು ಗುಳಿ ಗುಳಿಯಲ್ಲೂ ಅವರಿಗಿಂತ ಮುಂದೆ ಬೀಳುತ್ತಿತ್ತು. ಆ ಅಂತರವನ್ನು ಅವರು ತುಂಬಿದ್ದು ಗ್ರೀನ್ ಮೇಲೆ, ಪಟ್ಟರ್ ಹಿಡಿದು, ತಲೆ ಓಡಿಸಿ. ಕೋರ್ಸ್‌ಗಳು ಉದ್ದವಾಗುತ್ತಾ ಹೋದರೆ ಬಾಗಿಲು ಮುಚ್ಚುವುದು ಇಂಥವರಿಗೆ. ಡ್ರೈವರ್ ಬಿಟ್ಟರೆ ಬೇರೇನೂ ಬೇಡ ಎಂಬ ಆಟದಲ್ಲಿ ಅದಿತಿ ಅಂಥವರು ನಾಲ್ಕನೆಯವರೂ ಆಗುವುದಿಲ್ಲ.

ನಿಯಂತ್ರಕರಿಗೆ ಇದೆಲ್ಲ ಗೊತ್ತಿರಲಿಲ್ಲ ಅಂತಲ್ಲ. ಉನ್ನತ ಮಟ್ಟದಲ್ಲಿ ದೂರ ಇನ್ನು ಗಣನೀಯವಾಗಿ ಹೆಚ್ಚುವುದು ಒಳ್ಳೆಯದಲ್ಲ ಎಂದು ಈ ಎರಡೂ ಸಂಸ್ಥೆಗಳು ಜಂಟಿಯಾಗಿ ಹೇಳಿದ್ದು 2002ರಲ್ಲಿ. ಅಧ್ಯಯನ ವರದಿ ತಂದದ್ದು 2020ರಲ್ಲಿ. ನಿಯಮ ಘೋಷಿಸಿದ್ದು 2023ರಲ್ಲಿ. ಇಟ್ಟ ಕೊನೆಯ ಗಡುವು 2030. ಹೇಳಿದ್ದಕ್ಕೂ ಮಾಡುವುದಕ್ಕೂ ನಡುವೆ ಇಪ್ಪತ್ತೆಂಟು ವರ್ಷ. ಅಷ್ಟರಲ್ಲಿ ಕಂಪನಿಗಳು ಕಾರ್ಖಾನೆ ಕಟ್ಟಿದವು, ಕ್ಲಬ್‌ಗಳು ಜಮೀನು ಕೊಂಡವು, ಒಂದು ಇಡೀ ತಲೆಮಾರು ದೂರವೇ ಆಟ ಎಂದು ಕಲಿತಿತು. 2004ರಲ್ಲೇ ಐದು ಗಜ ಕಡಿತ ಮಾಡಿದ್ದರೆ ಇಷ್ಟು ಗಲಾಟೆ ಆಗುತ್ತಿತ್ತಾ? ಡೌಟು.

ತಡವಾದ ನಿಯಂತ್ರಣ ಯಾವತ್ತೂ ಹೀಗೇ. ಮೊದಲ ದಿನ ಅದು ನಿಯಮ, ಇಪ್ಪತ್ತು ವರ್ಷದ ನಂತರ ಅದೇ 'ಹಕ್ಕಿನ ಮೇಲಿನ ದಾಳಿ'. ಆ ಇಪ್ಪತ್ತು ವರ್ಷದ ಲಾಭ ಯಾರ ಜೇಬಿಗೆ ಹೋಯಿತೋ ಅವರೇ ಈಗ ಸಾಮಾನ್ಯ ಆಟಗಾರನ ಹೆಸರು ಹೇಳಿ ಅಳುತ್ತಾರೆ. ನಿಮ್ಮ ಊರಿನ ಮರಳು ದಂಧೆಯಿಂದ ಹಿಡಿದು ನಿಮ್ಮ ಫೋನಿನ ಆ್ಯಪ್‌ವರೆಗೆ ಈ ಅಳುವಿನ ರಾಗ ಒಂದೇ.

ಆದ್ದರಿಂದ ನಾನು ಚೆಂಡಿನ ಕಡಿತದ ಪರ. ನನ್ನ ತಕರಾರು ಒಂದೇ, ಇದು ಸಾಲದು. ಡ್ರೈವರ್ ತಲೆಯ ಗಾತ್ರದ ಮೇಲೂ ಕೈ ಹಾಕಬೇಕಿತ್ತು. ಪರೀಕ್ಷಾ ವೇಗವನ್ನು ಎರಡು ದಶಕಕ್ಕೊಮ್ಮೆ ಜಗಳವಾಡಿ ಬದಲಿಸುವ ಬದಲು, ಆಟಗಾರರ ನಿಜವಾದ ವೇಗಕ್ಕೆ ಕಟ್ಟಿ ಇಂತಿಷ್ಟು ವರ್ಷಕ್ಕೊಮ್ಮೆ ತಾನಾಗಿ ಪರಿಷ್ಕರಣೆಯಾಗುವಂತೆ ಬರೆಯಬೇಕಿತ್ತು. ಇಲ್ಲದಿದ್ದರೆ 2040ರ ಹೊತ್ತಿಗೆ ಗಂಟೆಗೆ 135 ಮೈಲಿ ಬೀಸುವ ಹುಡುಗರು ಬರುತ್ತಾರೆ, ಪರೀಕ್ಷಾ ಯಂತ್ರ 125ರಲ್ಲೇ ನಿಂತಿರುತ್ತದೆ, ಇನ್ಯಾವುದೋ ಕ್ಲಬ್ ಪಕ್ಕದವರ ಜಮೀನಿನ ರೇಟು ಕೇಳುತ್ತಿರುತ್ತದೆ.